ಹಿಮವೂ ಕಂಬಳಿಯಾದೀತು, ಕಿಂಡಿಯೊಂದಿದ್ದರೆ

ಬಾದಾಮಿ, ಹುನಗುಂದದ ಚಳಿಗೆ ಒಂದು ಕಂಬಳಿ ಸಾಕು. ಆದರೆ ನಮ್ಮ ಭಾಗದ ಎಷ್ಟೋ ಮಕ್ಕಳು ಸೈನ್ಯದಲ್ಲಿದ್ದಾರೆ. ರಜೆ ಮುಗಿಸಿ ಲಡಾಖಿನ ಕಡೆ ಹೊರಟ ಮಗನನ್ನು ನೆನೆದು ತಾಯಂದಿರು ಕೇಳುವುದುಂಟು: ‘ಸಾಹೇಬ್ರ, ಆ ಹಿಮದಾಗ ಮನಷ್ಯಾ ಹ್ಯಾಂಗ ಬದುಕ್ತಾನ್ರೀ?’

ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೀವು ಮರೆತಿರಲಾರಿರಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಯೋಧರು ಹೂತುಹೋದರು. ಆರು ದಿನಗಳ ಮೇಲೆ ಇವರೊಬ್ಬರು ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಮೂತ್ರಪಿಂಡ, ಯಕೃತ್ತು ಸೋತಿದ್ದವು; ಆದರೆ ಚರ್ಮ ಹೆಪ್ಪುಗಟ್ಟುವ ಹಿಮಕಡಿತ ಮಾತ್ರ ಆಗಿರಲಿಲ್ಲ ಎಂದು ವೈದ್ಯರು ತಿಳಿಸಿದ್ದರು.

ಆಶ್ಚರ್ಯವೆನಿಸುತ್ತದೆಯೇ? ಹಿಮದ ಕಣಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಕಂಬಳಿಯ ಉಣ್ಣೆಯಲ್ಲಿ ಇರುವ ಹಾಗೆ. ಶಾಖ ಸುಲಭವಾಗಿ ದಾಟಿ ಹೋಗದು. ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿದ್ದರೂ ಸರಿಯಾಗಿ ಕೊರೆದ ಹಿಮದ ಗುಹೆಯೊಳಗೆ ಸೊನ್ನೆಯ ಆಸುಪಾಸು ಇರುತ್ತದೆ. ಗುಡಾರ ಸಿಗದ ಪರ್ವತಾರೋಹಿಗಳಿಗೆ ಇದೇ ಆಸರೆ.

ಹಿಮ ಕುಸಿಯುವ ಇಳಿಜಾರನ್ನು ಬಿಟ್ಟು, ಗಟ್ಟಿಯಾದ ಹಿಮದ ದಿಬ್ಬವನ್ನು ಸಲಿಕೆಯಿಂದ ಕೊರೆಯಬೇಕು. ಬಾಗಿಲು ಕೆಳಗೆ, ಮಲಗುವ ಕಟ್ಟೆ ಮೇಲೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಕೆಳಗೇ ಉಳಿಯುತ್ತದೆ. ಮೇಲ್ಛಾವಣಿ ಕನಿಷ್ಠ 1 ಅಡಿ ದಪ್ಪವಿರಲಿ. ಅದರ ಒಳಮೈ ಗೋಳಗುಮ್ಮಟದಂತೆ ದುಂಡಗೆ, ನುಣ್ಣಗಿದ್ದರೆ ಕರಗಿದ ನೀರು ಮೈಮೇಲೆ ತೊಟ್ಟಿಕ್ಕದೆ ಗೋಡೆಗುಂಟ ಇಳಿಯುತ್ತದೆ. ಬೆವರುವಷ್ಟು ಅವಸರದಿಂದ ಅಗೆಯಬಾರದು. ಒದ್ದೆ ಬಟ್ಟೆ ಮೈಯ ಶಾಖವನ್ನು ಹೀರುತ್ತದೆ. ಬರೀ ಹಿಮದ ಮೇಲೆ ಮಲಗದೆ ದಪ್ಪ ಹಾಸು ಹಾಸಬೇಕು. ಸಲಿಕೆ ಒಳಗೇ ಇರಲಿ. ಬಾಗಿಲು ಮುಚ್ಚಿಹೋದರೆ ಅದೇ ಗತಿ.

ಎಲ್ಲಕ್ಕಿಂತ ಮುಖ್ಯವಾದುದು ಛಾವಣಿಯಲ್ಲಿ ಮುಷ್ಟಿಯಷ್ಟು ಅಗಲದ ಕಿಂಡಿ. ಹೊಸ ಹಿಮ ಬಿದ್ದು ಮುಚ್ಚದಂತೆ ಆಗಾಗ ಕೋಲಿನಿಂದ ತಿವಿಯುತ್ತಿರಬೇಕು. ಕಿಂಡಿಯಿಲ್ಲದ ಗುಹೆಯಲ್ಲಿ ಸ್ಟೋವ್ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಏಳಲಾಗದ ನಿದ್ದೆ. ಚಳಿಯಿಂದ ಪಾರಾದವನು ಬೆಚ್ಚಗೆ ಕುಳಿತಲ್ಲೇ ಸಾಯುತ್ತಾನೆ.

ಮಗನಿಗೆ ಇನ್ನೆರಡು ಮಾತು ಹೇಳಿ. ಮದ್ಯ ಕುಡಿದರೆ ಬೆಚ್ಚಗಾದಂತೆ ಅನಿಸುವುದಷ್ಟೇ, ಮೈಯ ಶಾಖ ಇನ್ನೂ ಬೇಗ ಸೋರುತ್ತದೆ. ಹೆಪ್ಪುಗಟ್ಟಿದ ಬೆರಳನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗ ತಲುಪಿದ ಮೇಲೆ 37ರಿಂದ 39 ಡಿಗ್ರಿ ಬಿಸಿನೀರಿನಲ್ಲಿ ಅದ್ದಬೇಕು.

ಕಿಂಡಿಯ ಮಾತು ಮಾತ್ರ ಸಿಯಾಚಿನ್‌ಗೆ ಸೀಮಿತವಲ್ಲ. ನಮ್ಮಲ್ಲಿ ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಡುತ್ತೇವಲ್ಲ, ಅಲ್ಲಿ ತುಂಬುವುದೂ ಅದೇ ವಿಷಗಾಳಿ. ಹಸುಗೂಸು ತಲೆನೋವೆಂದು ಹೇಳಲಾರದು. ತಾಯಿ-ಮಗುವನ್ನು ಕಂಬಳಿಯಿಂದಲೇ ಬೆಚ್ಚಗಿಡಿ. ಕೆಂಡವನ್ನು ಇಂದೇ ಹೊರಗಿಡಿ, ಕಿಟಕಿಯನ್ನು ಒಂದಿಷ್ಟು ತೆರೆಯಿರಿ.