‘ಹಿಂದ ಏನ್ ಕಟ್ಟೀಯೋ ತಮ್ಮಾ?’

ನವೆಂಬರ್ ಬಂತೆಂದರೆ ನಮ್ಮ ಬೀದಿಯ ಗ್ಯಾರೇಜುಗಳಿಂದ ಹಿಮ ತೆಗೆಯುವ ಸಲಕರಣೆಗಳು ಒಂದೊಂದಾಗಿ ಹೊರಬರುತ್ತವೆ. ನಾವಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಹೊರವಲಯದಲ್ಲಿ. ನ್ಯೂಯಾರ್ಕ್ ಎಂದ ಕೂಡಲೇ ಊರಿನವರಿಗೆ ನೆನಪಾಗುವ ಗಗನಚುಂಬಿ ಕಟ್ಟಡಗಳು ಇಲ್ಲಿಂದ ಕಾರಿನಲ್ಲಿ ನಾಲ್ಕು ತಾಸಿಗೂ ಹೆಚ್ಚಿನ ದಾರಿ. ಒಂಟಾರಿಯೊ ಸರೋವರದ ಮೇಲೆ ಹಾದು ಬರುವ ಕೊರೆಯುವ ಗಾಳಿ ನೀರಿನ ತೇವವನ್ನು ಹೊತ್ತು ತಂದು ನಮ್ಮ ಮೇಲೆ ಹಿಮವಾಗಿ ಸುರಿಯುತ್ತದೆ. ವರ್ಷಕ್ಕೆ ಸರಾಸರಿ 100 ಇಂಚಿಗೂ ಹೆಚ್ಚು!

ನಮ್ಮ ಮನೆಯಿಂದ ರಸ್ತೆಗೆ 200 ಅಡಿ ಜಲ್ಲಿ ದಾರಿ, ಅದೂ ಇಳಿಜಾರು. ಮೊದಲ ಎರಡು ಚಳಿಗಾಲ ಸಲಿಕೆ ಹಿಡಿದೆವು. ಹೊಸ ಹಿಮ ಹತ್ತಿಯಂತೆ ಹಗುರ. ಒದ್ದೆಯಾದ ಹಿಮ ಹಾಗಲ್ಲ, ಒಂದು ಘನ ಅಡಿಗೆ 9-10 ಕೆಜಿ ತೂಗುತ್ತದೆ. ನಲವತ್ತು ದಾಟಿ, ರಕ್ತದೊತ್ತಡದ ಮಾತ್ರೆ ಶುರುವಾದ ಮೇಲೆ ಡಾಕ್ಟರು ಸಲಿಕೆ ಬಿಡಿ ಎಂದರು. ಮುಂದಿನ ಚಳಿಗಾಲ ಆ ಕೆಲಸವನ್ನು ಗುತ್ತಿಗೆ ಕೊಟ್ಟೆವು, 900 ಡಾಲರ್ ಹೋಯಿತು. ಬಿ.ಕಾಂ., ಸಿ.ಎ. ಓದಿ ಇಪ್ಪತ್ತು ವರ್ಷ ಬೇರೆಯವರ ಲೆಕ್ಕ ನೋಡಿದವರು ನಾವು. ಮನೆಯ ಲೆಕ್ಕ ಹಾಕದೆ ಇರುತ್ತೇವೆಯೇ? ಹುಲ್ಲು ಕತ್ತರಿಸಲು ಕೊಂಡಿದ್ದ ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಹೇಗೂ ಮನೆಯಲ್ಲಿತ್ತು. ಅದಕ್ಕೆ ಹೊಂದುವ ಫ್ರಂಟ್ ಲೋಡರ್, ಅಂದರೆ ಜೆಸಿಬಿಗೆ ಇರುವಂಥ ಬಕೆಟ್‌ನ ಚಿಕ್ಕ ರೂಪ, ಒಬ್ಬರ ಬಳಿ 2,200 ಡಾಲರ್‌ಗೆ ಸಿಕ್ಕಿತು. ಮೂರು ಚಳಿಗಾಲದೊಳಗೆ ಹಾಕಿದ ದುಡ್ಡು ವಾಪಸ್ ಎಂದು ಮನೆಯವರಿಗೆ ಎಕ್ಸೆಲ್ ಹಾಳೆ ತೋರಿಸಿ ಒಪ್ಪಿಗೆ ಪಡೆದೆವು.

ಇಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಎರಡು ಜಾತಿ. ಲಾನ್ ಟ್ರ್ಯಾಕ್ಟರ್ ಹಗುರ, ಹುಲ್ಲಿಗಷ್ಟೇ ಸಾಕು. ಗಾರ್ಡನ್ ಟ್ರ್ಯಾಕ್ಟರ್‌ನ ಚಾಸಿ, ಗೇರ್‌ಬಾಕ್ಸ್, ಆಕ್ಸಲ್ ಗಟ್ಟಿ. ನೇಗಿಲು ಎಳೆಯಬಲ್ಲದು, ಮಾದರಿ ತಕ್ಕದ್ದಾದರೆ ಲೋಡರ್ ಹೊರಬಲ್ಲದು. ನಮ್ಮ ಮಾದರಿಗೆ ಲೋಡರ್ ಕೂರಿಸಬಹುದೇ, ಮುಂದಿನ ಆಕ್ಸಲ್ ಎಷ್ಟು ಭಾರ ತಾಳುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಯೇ ಕೆಲಸಕ್ಕೆ ಕೈಹಾಕಿದೆವು.

ಅಕ್ಟೋಬರ್‌ನ ಎರಡು ಶನಿವಾರ ಇದಕ್ಕೇ ಹೋದವು. ಊರಿನಲ್ಲಾದರೆ ವೆಲ್ಡಿಂಗ್ ಅಂಗಡಿಗೆ ಒಯ್ದರೆ ಸಂಜೆಯೊಳಗೆ ಕೆಲಸ ಮುಗಿಯುತ್ತಿತ್ತು. ಇಲ್ಲಿ ಮೆಕ್ಯಾನಿಕ್‌ನ ಒಂದು ತಾಸಿನ ಕೂಲಿ ಕೇಳಿದರೆ ನಾವೇ ಸ್ಪ್ಯಾನರ್ ಹಿಡಿಯುವುದು ವಾಸಿ ಎನಿಸುತ್ತದೆ. ಮೊದಲು ಹೊಟ್ಟೆಯಡಿಯ ಹುಲ್ಲು ಕತ್ತರಿಸುವ ಡೆಕ್ ಬಿಚ್ಚಿದೆವು. ಆಮೇಲೆ ಚಾಸಿಯ ಕೆಳಗೆ ಸಬ್‌ಫ್ರೇಮ್ ಎಂಬ ಉಕ್ಕಿನ ಚೌಕಟ್ಟನ್ನು ಬಿಗಿಯಬೇಕು. ಇದು ಹಿಂದಿನ ಆಕ್ಸಲ್‌ವರೆಗೂ ಚಾಚಿರುತ್ತದೆ. ಇಲ್ಲದಿದ್ದರೆ ಲೋಡರ್‌ನ ಜಗ್ಗಾಟವೆಲ್ಲ ಮುಂದಿನ ಭಾಗದ ಮೇಲೇ ಬಿದ್ದು ಚಾಸಿ ಬಿರುಕು ಬಿಡುತ್ತದೆ. ಬೋಲ್ಟ್‌ಗಳು ಗ್ರೇಡ್ 8ರವು. ಟಾರ್ಕ್ ವ್ರೆಂಚ್‌ನಿಂದ ಅಳತೆಗೆ ಬಿಗಿದು, ಮೊದಲ ಕೆಲವು ತಾಸಿನ ಕೆಲಸದ ನಂತರ ಮತ್ತೆ ಬಿಗಿಯಬೇಕು. ಲೋಡರ್‌ನ ಎರಡು ತೋಳುಗಳನ್ನು ಎತ್ತಿ ಕೂರಿಸಲು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಮ್ಮ ಚೈನ್ ಪುಲ್ಲಿ ತಂದರು.

ಉಳಿದದ್ದು ಹೈಡ್ರಾಲಿಕ್ ಪೈಪ್‌ಗಳು. ತೋಳು ಎತ್ತಲು ಇಳಿಸಲು ಎರಡು, ಬಕೆಟ್ ಮಗುಚಲು ಮರಳಿಸಲು ಎರಡು. ನಾವು ಎರಡನ್ನು ಅದಲುಬದಲು ಮಾಡಿದ್ದರಿಂದ ಮೇಲೆತ್ತುವ ಕಡೆ ಲಿವರ್ ಎಳೆದರೆ ತೋಳು ಕೆಳಗಿಳಿಯಿತು. ಮಕ್ಕಳು ಬಿದ್ದೂ ಬಿದ್ದೂ ನಕ್ಕರು. ಸೋರಿಕೆ ಹುಡುಕುವಾಗ ಮಾತ್ರ ಮೇಷ್ಟ್ರು ನಮ್ಮ ಕೈ ಹಿಡಿದು ನಿಲ್ಲಿಸಿ ರಟ್ಟಿನ ತುಂಡು ಕೊಟ್ಟರು. ಸೂಜಿಮೊನೆಯಷ್ಟು ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಕಾಣುವುದು ಚುಕ್ಕೆಯಷ್ಟು ಗಾಯ, ಆದರೆ ಕೂಡಲೇ ಆಸ್ಪತ್ರೆಗೆ ಹೋಗದಿದ್ದರೆ ಬೆರಳೋ ಕೈಯೋ ಹೋಗಬಹುದು.

ಕೈಪಿಡಿಯ ಕೊನೆಯಲ್ಲಿ ಇನ್ನೊಂದು ಕೆಲಸ ಹೇಳಿತ್ತು: ಹಿಂಬದಿಗೆ ಎದುರು ತೂಕ ಕಟ್ಟಿ. ಅದನ್ನು ನಾವು ಮುಂದಿನ ವಾರಕ್ಕೆ ಬಿಟ್ಟೆವು. ತೂಕಗಳಿಗೆ ಮತ್ತೆ ಮುನ್ನೂರು ಡಾಲರ್ ಬೇಕಿತ್ತು, ಎಕ್ಸೆಲ್ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮಾರನೆಯ ದಿನ ಭಾನುವಾರ. ದಾರಿಗೆ ಹಾಸಲು ತರಿಸಿದ್ದ ಜಲ್ಲಿ ರಾಶಿ ಅಂಗಳದಲ್ಲಿತ್ತು. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿರುವ ಅಪ್ಪನಿಗೆ ಮನೆಯವರು ವಿಡಿಯೊ ಕಾಲ್ ಹಚ್ಚಿ ಫೋನ್ ಹಿಡಿದು ನಿಂತರು. ಮಗ ಟ್ರ್ಯಾಕ್ಟರ್ ಓಡಿಸುವುದನ್ನು ಅಪ್ಪ ನೋಡಲಿ ಎಂಬ ಹುಮ್ಮಸ್ಸಿನಲ್ಲಿ ನಾವು ಬಕೆಟ್ ತುಂಬ ಜಲ್ಲಿ ತುಂಬಿಕೊಂಡು, ಎದೆಯೆತ್ತರಕ್ಕೆ ಎತ್ತಿ, ಇಳಿಜಾರಿನತ್ತ ತಿರುಗಿಸಿದೆವು. ಸೀಟು ಮೆಲ್ಲಗೆ ಮೇಲೇಳುತ್ತಿದೆ ಅನಿಸಿತು. ಬ್ರೇಕ್ ತುಳಿದರೆ ಏನೂ ಆಗಲಿಲ್ಲ. ಇಂಥ ಟ್ರ್ಯಾಕ್ಟರ್‌ನ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ. ಅವೇ ನೆಲ ಬಿಟ್ಟ ಮೇಲೆ ಹಿಡಿಯುವುದು ಏನನ್ನು? ಮುಂದಿನ ಎರಡು ಚಕ್ರದ ಮೇಲೆ ಗಾಡಿ ತಾನಾಗಿ ಉರುಳತೊಡಗಿತು. ಎದುರಿಗೆ, ಹತ್ತು ಅಡಿ ದೂರದಲ್ಲಿ, ಮಗಳು ನಿಂತಿದ್ದಳು.

ಯಾವ ಬುದ್ಧಿ ಬಂತೋ, ಲಿವರ್ ಮುಂದಕ್ಕೆ ತಳ್ಳಿದೆವು. ಬಕೆಟ್ ದಢಾರನೆ ನೆಲಕ್ಕೆ ಕೂತು, ಹಿಂದಿನ ಚಕ್ರಗಳು ಧೊಪ್ಪನೆ ಬಿದ್ದು, ಗಾಡಿ ನಿಂತಿತು. ಮಗಳು ಅಷ್ಟರಲ್ಲಿ ಪಕ್ಕಕ್ಕೆ ಹಾರಿದ್ದಳು. ಯಾರಿಗೂ ಏನೂ ಆಗಲಿಲ್ಲ. ಅಂಗಳದಲ್ಲಿ ಯಾರೂ ಮಾತಾಡಲಿಲ್ಲ. ಫೋನಿನೊಳಗಿಂದ ಅಪ್ಪನ ದನಿ ಮಾತ್ರ ಕೇಳಿತು:

‘ಹಿಂದ ಏನ್ ಕಟ್ಟೀಯೋ ತಮ್ಮಾ?’

ಏನೂ ಕಟ್ಟಿರಲಿಲ್ಲ. ಅಪ್ಪ ಬಯ್ಯಲಿಲ್ಲ, ಸುಮ್ಮನಾದರು. ಆ ಮೌನದ ಅರ್ಥ ನಮಗೆ ಗೊತ್ತಿತ್ತು. ಹದಿನೈದು ವರ್ಷದ ಹಿಂದೆ ನಮ್ಮ ದೊಡ್ಡಪ್ಪನ ಮಗ, ನಮಗೆ ಅಣ್ಣನಾಗಬೇಕು, ಕಬ್ಬು ತುಂಬಿದ ಟ್ರೇಲರ್ ಎಳೆದುಕೊಂಡು ಏರು ಹತ್ತುವಾಗ ಟ್ರ್ಯಾಕ್ಟರ್‌ನ ಮುಂದಿನ ಚಕ್ರ ಎದ್ದು ಹಿಂದಕ್ಕೆ ಮಗುಚಿ ತೀರಿಕೊಂಡ. ಅವನನ್ನು ಕೆಳಗಿನಿಂದ ಎಳೆದು ತೆಗೆದವರಲ್ಲಿ ಅಪ್ಪನೂ ಒಬ್ಬರು.

‘ಅಲ್ಲಿ ಮುಂದ ಎದ್ದಿತ್ತು, ಇಲ್ಲಿ ಹಿಂದ ಎದ್ದೈತಿ. ಲೆಕ್ಕ ಎರಡೂ ಒಂದ’ ಎಂದರು ಅಪ್ಪ, ಸ್ವಲ್ಪ ಹೊತ್ತಿನ ಮೇಲೆ. ‘ಚಕ್ಕಡಿ ತುಂಬಾಗ ಹಿಂದ ಭಾರ ಆತಂದ್ರ ನಿನ್ನ ಎತ್ತಿ ಮುಂದ ನೊಗದ ಕಡೆ ಕುಂದ್ರಸ್ತಿದ್ದೆ. ಮರತೀಯೇನು?’

ಮರೆತಿದ್ದೆವು. ಭತ್ತದ ಚೀಲ ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತಿತ್ತು. ಆಗ ಆ ಚಕ್ಕಡಿಯ ಎದುರು ತೂಕ ನಾವೇ. ಏಳೆಂಟು ವರ್ಷದ ಹುಡುಗ, ಇಪ್ಪತ್ತು ಕೆಜಿ ಇದ್ದಿರಬೇಕು.

ಅಂದು ರಾತ್ರಿ ಕಾಗದ ಪೆನ್ಸಿಲ್ ಹಿಡಿದು ಕುಳಿತೆವು. ಜಲ್ಲಿ 200 ಕೆಜಿ ಇದೆ ಎನ್ನಿ. ಅದು ಮುಂದಿನ ಆಕ್ಸಲ್‌ಗಿಂತ 3 ಅಡಿ ಮುಂದೆ ತೂಗುತ್ತದೆ. ಎರಡು ಆಕ್ಸಲ್‌ಗಳ ನಡುವೆ 4 ಅಡಿ. ಲೆಕ್ಕ ಹಾಕಿದರೆ ಮುಂದಿನ ಆಕ್ಸಲ್ ಮೇಲೆ ಹೆಚ್ಚಾಗುವ ಭಾರ 200 ಅಲ್ಲ, 350 ಕೆಜಿ! ಉಳಿದ 150 ಕೆಜಿ ಬಂದದ್ದು ಹಿಂದಿನ ಚಕ್ರಗಳಿಂದ. ಮುಂದೆ ಡೆಬಿಟ್ ಆದದ್ದು ಹಿಂದೆ ಎಲ್ಲೋ ಕ್ರೆಡಿಟ್ ಆಗಲೇಬೇಕಲ್ಲ. ಇಳಿಜಾರು, ಎತ್ತರದ ಬಕೆಟ್, ತಿರುಗುವಾಗಿನ ಓಲಾಟ ಸೇರಿದರೆ ಹಿಂದೆ ಇದ್ದದ್ದೂ ಖಾಲಿ. ಈಗ ಹಿಂದಿನ ಆಕ್ಸಲ್‌ಗಿಂತ 2 ಅಡಿ ಹಿಂದಕ್ಕೆ 100 ಕೆಜಿ ತೂಗು ಹಾಕಿ ನೋಡಿ. ಹಿಂದಿನ ಚಕ್ರಗಳಿಗೆ ಕಳೆದುಹೋದ 150 ಕೆಜಿ ಮರಳಿ ಬರುತ್ತದೆ, ಮುಂದಿನ ಆಕ್ಸಲ್‌ಗೆ 50 ಕೆಜಿ ಹಗುರವಾಗುತ್ತದೆ. ಹಿಂದಿನ ಟೈರಿನೊಳಗೆ ದ್ರವ ತುಂಬಿಸುವುದೂ ಒಂದು ದಾರಿ. ಅದರಿಂದ ಹಿಂಬದಿ ಗಟ್ಟಿಯಾದರೂ ಮುಂದಿನ ಆಕ್ಸಲ್‌ನ ಭಾರ ಇಳಿಯುವುದಿಲ್ಲ.

ಮುಂದಿನ ಶನಿವಾರದೊಳಗೆ ಹಿಂಬದಿಗೆ ಕಬ್ಬಿಣದ ಚೌಕಟ್ಟು ಬಂತು. ಅದರಲ್ಲಿ 42 ಪೌಂಡಿನ, ಅಂದರೆ 19 ಕೆಜಿಯ, ಐದು ತೂಕಗಳು. ಇವನ್ನು ಇಲ್ಲಿ ‘ಸೂಟ್‌ಕೇಸ್ ವೇಟ್’ ಎನ್ನುತ್ತಾರೆ, ಹಿಡಿಕೆ ಇರುವುದರಿಂದ. ವಿಮಾನ ನಿಲ್ದಾಣದಲ್ಲಿ 23 ಕೆಜಿ ಮೀರಿತೆಂದು ಉಪ್ಪಿನಕಾಯಿ ಬಾಟಲಿ ಹೊರತೆಗೆದವರಿಗೆ ಈ ಹೆಸರು ಮರೆಯುವುದಿಲ್ಲ.

ತೂಕ ಕಟ್ಟಿದ್ದೇವೆಂದು ಮೈಮರೆಯುವಂತಿಲ್ಲ. ನಮ್ಮ ಟ್ರ್ಯಾಕ್ಟರ್‌ಗೆ ಮಗುಚಿದಾಗ ಕಾಯುವ ಕಮಾನು ಇಲ್ಲ. ಹಾಗಾಗಿ ಭಾರ ಹೊತ್ತಾಗ ಬಕೆಟ್ ನೆಲಕ್ಕೆ ಹತ್ತಿರವೇ ಇರಬೇಕು. ಇಳಿಜಾರಿಗೆ ಅಡ್ಡ ಓಡಿಸುವುದಿಲ್ಲ. ಲೋಡರ್ ನಡೆಯುವಾಗ ಮಕ್ಕಳು ಮನೆಯೊಳಗೆ. ಎತ್ತಿದ ತೋಳಿನ ಕೆಳಗೆ ಯಾರೂ ನುಸುಳುವಂತಿಲ್ಲ. ಈ ನಾಲ್ಕು ನಿಯಮವನ್ನು ಮಗಳೇ ಬರೆದು ಗ್ಯಾರೇಜ್ ಗೋಡೆಗೆ ಅಂಟಿಸಿದ್ದಾಳೆ, ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ.

ಊರಿನಲ್ಲೂ ಮಿನಿ ಟ್ರ್ಯಾಕ್ಟರ್‌ಗಳಿಗೆ ಮುಂದೆ ಲೋಡರ್ ಕೂರಿಸುವವರಿದ್ದಾರೆ. ಗೊಬ್ಬರ, ಮಣ್ಣು ತುಂಬಲು ಬಲು ಅನುಕೂಲ. ಅವರ ಮನೆಯವರಿಗೂ, ಮಗನೋ ಅಳಿಯನೋ ಹೊರದೇಶದಲ್ಲಿ ಇಂಥ ಯಂತ್ರ ಕೊಂಡ ಸುದ್ದಿ ಕೇಳಿ ಹಿಗ್ಗುವವರಿಗೂ ನಮ್ಮದೊಂದು ಮಾತು. ಬೆಲೆ ಎಷ್ಟು ಎಂದು ಕೇಳುವ ಮೊದಲು ನಮ್ಮಪ್ಪನ ಪ್ರಶ್ನೆ ಕೇಳಿ.

ಎಕ್ಸೆಲ್ ಹಾಳೆಯನ್ನು ತಿದ್ದಿದ್ದೇವೆ. ದುಡ್ಡು ವಾಪಸಾಗುವುದು ಈಗ ಇನ್ನೂ ಸ್ವಲ್ಪ ತಡ. ಮೊನ್ನೆ ಈ ಋತುವಿನ ಮೊದಲ ಹಿಮ ಎಂಟು ಇಂಚು ಬಿತ್ತು. ಬೆಳಗಿನ ಆರಕ್ಕೆ ಅಪ್ಪನ ಫೋನ್. ಅಲ್ಲಿ ಆಗ ಸಂಜೆ ನಾಲ್ಕೂವರೆ, ಚಹದ ಹೊತ್ತು. ನಾವು ಮಾತಾಡದೆ ಕ್ಯಾಮೆರಾವನ್ನು ಟ್ರ್ಯಾಕ್ಟರ್‌ನ ಹಿಂಬದಿಗೆ ತಿರುಗಿಸಿದೆವು. ಅಪ್ಪ ಐದೂ ತೂಕ ಎಣಿಸಿ, ‘ಹೂಂ, ಇನ್ನ ನಡಸು’ ಎಂದರು.