ಚಕ್ರಗಳ ಅಂತರವೂ ವಾಹನದ ಸ್ಥಿರತೆಯೂ

ಹುಲ್ಲನ್ನು ಎತ್ತರವಾಗಿ ಹೇರಿಕೊಂಡ ಬಂಡಿಯು ಓರೆಯಾದ ದಾರಿಯಲ್ಲಿ ಸಾಗುವಾಗ, ಗಾಡಿಯವನು ಎತ್ತರದ ಪಕ್ಕದ ಗೂಟವನ್ನು ಹಿಡಿದು ಜೋತುಬೀಳುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅವನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೂ ಬಂಡಿ ಮಗುಚದಿರಬೇಕಾದರೆ ಭಾರವನ್ನು ಯಾವ ಕಡೆಗೆ ಸರಿಸಬೇಕೆಂಬುದನ್ನು ಬಲ್ಲ. ಅಮೆರಿಕದ ಮರಳುದಿಣ್ಣೆಗಳಲ್ಲಿಯೂ ಮಣ್ಣಿನ ಪಂದ್ಯಪಥಗಳಲ್ಲಿಯೂ ಓಡುವ ‘ಎ.ಟಿ.ವಿ.’ ಎಂಬ ಕ್ರೀಡಾವಾಹನದ ಸವಾರನಿಗೆ ಇದೇ ತತ್ತ್ವವು ಜೀವನ್ಮರಣದ ಪ್ರಶ್ನೆಯಾಗಿರುತ್ತದೆ.

ಈ ವಾಹನಕ್ಕೆ ಮೋಟಾರು ಸೈಕಲಿನಂತೆ ಆಸನ ಮತ್ತು ಹಿಡಿಕೆಗಳುಂಟು. ಗಾಳಿಯನ್ನು ಕಡಮೆ ಒತ್ತಡದಲ್ಲಿ ತುಂಬಿದ ದಪ್ಪ ಟೈರುಗಳುಂಟು. 1970ರಲ್ಲಿ ಹೋಂಡಾ ಕಂಪನಿಯು ಅಮೆರಿಕದಲ್ಲಿ ಮಾರಾಟಕ್ಕಿಟ್ಟ ವಾಹನಕ್ಕೆ ಮೂರೇ ಚಕ್ರಗಳಿದ್ದವು. ಮೂರು ಚಕ್ರಗಳು ನೆಲವನ್ನು ಮುಟ್ಟುವ ಬಿಂದುಗಳನ್ನು ಸೇರಿಸಿದರೆ ತ್ರಿಕೋಣವಾಗುವುದು. ಮುಂದಕ್ಕೆ ಹೋದಂತೆಲ್ಲ ಅದು ಕಿರಿದಾಗುವುದರಿಂದ, ತಿರುವಿನಲ್ಲಿ ಬ್ರೇಕು ಹಾಕಿ ಭಾರವು ಮುಂದಕ್ಕೆ ವಾಲಿದೊಡನೆ ವಾಹನವು ಮಗುಚುವ ಸಂಭವ ಹೆಚ್ಚುತ್ತಿತ್ತು. ಅಪಘಾತಗಳು ಬೆಳೆದವು. 1988ರಲ್ಲಿ ಅಮೆರಿಕ ಸರಕಾರದೊಡನೆ ಆದ ಒಪ್ಪಂದದಂತೆ ತಯಾರಕರು ಅಲ್ಲಿ ಹೊಸ ಮೂರು ಚಕ್ರದ ವಾಹನಗಳ ಮಾರಾಟವನ್ನು ನಿಲ್ಲಿಸಿದರು. ಅಷ್ಟರಲ್ಲಿ ನಾಲ್ಕು ಚಕ್ರದ ವಾಹನಗಳು ಬಂದಿದ್ದವು. ತ್ರಿಕೋಣವು ಚತುಷ್ಕೋಣವಾಯಿತು, ಆದರೆ ಮಗುಚುವ ಭಯವು ಸಂಪೂರ್ಣವಾಗಿ ಹೋಗಲಿಲ್ಲ.

ಮಗುಚುವುದೇಕೆ?

ಒಂದು ಬೆಂಕಿಪೆಟ್ಟಿಗೆಯನ್ನು ಹಲಗೆಯ ಮೇಲೆ ಮಲಗಿಸಿ, ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿರಿ. ಪೆಟ್ಟಿಗೆಯು ಜಾರುವುದು, ಉರುಳದು. ಅದನ್ನೇ ನೆಟ್ಟಗೆ ನಿಲ್ಲಿಸಿ ಹಲಗೆಯನ್ನು ಎತ್ತಿದರೆ, ಜಾರುವುದಕ್ಕೆ ಮೊದಲೇ ಬೀಳುವುದು. ತಳದ ಅಗಲದ ಅರ್ಧಕ್ಕೂ ಗುರುತ್ವಕೇಂದ್ರದ ಎತ್ತರಕ್ಕೂ ಇರುವ ಪ್ರಮಾಣವೇ ಇದನ್ನು ನಿರ್ಣಯಿಸುತ್ತದೆ. ಎಂಜಿನಿಯರರು ಇದನ್ನು ಸ್ಥಿರತೆಯ ಅಂಕವೆಂದು ಕರೆಯುವರು. ವಾಹನದಲ್ಲಿ ತಳದ ಅಗಲವೆಂದರೆ ಎಡಬಲದ ಚಕ್ರಗಳ ಮಧ್ಯರೇಖೆಗಳ ಅಂತರ.

ಸಾಮಾನ್ಯ ಕ್ರೀಡಾವಾಹನದ ಒಟ್ಟು ಅಗಲ ಸುಮಾರು 46 ಅಂಗುಲ. ಟೈರಿನ ಅಗಲವನ್ನು ಕಳೆದರೆ ಹಿಂಚಕ್ರಗಳ ಅಂತರವು ಸುಮಾರು 92 ಸೆಂಟಿಮೀಟರು ಎನ್ನೋಣ. ಸವಾರನೂ ಸೇರಿ ಗುರುತ್ವಕೇಂದ್ರವು ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದೆ ಎಂದು ಇಟ್ಟುಕೊಂಡರೆ, ಸ್ಥಿರತೆಯ ಅಂಕವು 46ನ್ನು 65ರಿಂದ ಭಾಗಿಸಿದ 0.71 ಆಗುವುದು. ಹತ್ತು ಮೀಟರು ತ್ರಿಜ್ಯದ ತಿರುವಿನಲ್ಲಿ ಇಂತಹ ವಾಹನವು ಗಂಟೆಗೆ 30 ಕಿಲೋಮೀಟರು ವೇಗವನ್ನು ಮುಟ್ಟಿದಾಗ ಒಳಚಕ್ರಗಳು ನೆಲವನ್ನು ಬಿಡಲು ಸಿದ್ಧವಾಗುವುವು. ಈ ಲೆಕ್ಕದಲ್ಲಿ ವಾಹನದ ತೂಕವು ಎಲ್ಲಿಯೂ ಬರುವುದಿಲ್ಲ ಎಂಬುದು ಗಮನಾರ್ಹ. ಹೊರಕ್ಕೆ ಉರುಳಿಸುವ ಕೇಂದ್ರಾಪಗಾಮಿ ಬಲವೂ ಕೆಳಕ್ಕೆ ಒತ್ತಿ ಹಿಡಿಯುವ ಭಾರವೂ ದ್ರವ್ಯರಾಶಿಯೊಡನೆ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ.

ಆದರೆ ಸಡಿಲವಾದ ಮಣ್ಣಿನಲ್ಲಿ ಘರ್ಷಣೆಯು ಕಡಮೆ. ಅಲ್ಲಿ ವಾಹನವು ಉರುಳುವ ಮೊದಲೇ ಜಾರುವುದು. ಡಾಮರು ರಸ್ತೆಯಲ್ಲಿ ಟೈರು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಜಾರುವ ಅವಕಾಶವು ತಪ್ಪಿ ಉರುಳುವ ಅಪಾಯವು ಬರುವುದು. ಡಾಮರಿನ ಮೇಲೆ ಓಡಿಸಬಾರದೆಂದು ತಯಾರಕರು ಎಚ್ಚರಿಸುವುದಕ್ಕೆ ಇದೂ ಒಂದು ಕಾರಣ.

ಅಗಲಿಸಿದರೆ ದೊರೆಯುವುದೆಷ್ಟು?

ಪಂದ್ಯದ ಸವಾರರು ಒಟ್ಟು ಅಗಲವನ್ನು ಸುಮಾರು 50 ಅಂಗುಲಕ್ಕೆ ಹೆಚ್ಚಿಸಿಕೊಳ್ಳುವುದುಂಟು. ಆಗ ಚಕ್ರಗಳ ಅಂತರವು 102 ಸೆಂಟಿಮೀಟರು, ಸ್ಥಿರತೆಯ ಅಂಕವು 0.78. ಅದೇ ತಿರುವಿನಲ್ಲಿ ವೇಗದ ಮಿತಿಯು ಗಂಟೆಗೆ 31.6 ಕಿಲೋಮೀಟರಿಗೆ ಏರುವುದು. ಅಗಲವು ನೂರಕ್ಕೆ ಹನ್ನೊಂದರಷ್ಟು ಹೆಚ್ಚಿದರೂ ವೇಗವು ನೂರಕ್ಕೆ ಐದರಷ್ಟು ಮಾತ್ರ ಹೆಚ್ಚಿತು. ವೇಗವು ಅಗಲದ ವರ್ಗಮೂಲವನ್ನು ಅನುಸರಿಸುವುದೇ ಇದಕ್ಕೆ ಕಾರಣ.

ಈಗ ಸವಾರನ ಪಾತ್ರವನ್ನು ನೋಡೋಣ. ವಾಹನವು 170 ಕಿಲೋಗ್ರಾಂ, ಸವಾರನು 70 ಕಿಲೋಗ್ರಾಂ ಇರಲಿ. ಅವನು ತನ್ನ ದೇಹವನ್ನು ತಿರುವಿನ ಒಳಭಾಗಕ್ಕೆ 25 ಸೆಂಟಿಮೀಟರು ಸರಿಸಿದರೆ, ಒಟ್ಟು ಗುರುತ್ವಕೇಂದ್ರವು 7 ಸೆಂಟಿಮೀಟರಿಗೂ ಹೆಚ್ಚು ಒಳಕ್ಕೆ ಸರಿಯುವುದು. ಅಗಲಿಸಿದ್ದರಿಂದ ಪ್ರತಿ ಪಕ್ಕಕ್ಕೆ ದೊರೆತದ್ದು 5 ಸೆಂಟಿಮೀಟರು ಮಾತ್ರ! ಹಣ ತೆತ್ತು ಕೊಂಡ ಅಗಲಕ್ಕಿಂತ, ಬಂಡಿಯವನಂತೆ ಸರಿಯಾದ ಕಡೆಗೆ ಜೋತುಬೀಳುವ ವಿದ್ಯೆಯೇ ಹೆಚ್ಚಿನ ರಕ್ಷಣೆಯನ್ನು ಕೊಡುತ್ತದೆ. ಇವೆರಡೂ ಕೂಡಿದರೆ ಮಿತಿಯು ಗಂಟೆಗೆ ಸುಮಾರು 34 ಕಿಲೋಮೀಟರಿಗೆ ಏರುವುದು.

ತೆರಬೇಕಾದ ಬೆಲೆ

ಅಗಲಿಸಲು ಮೂರು ಮಾರ್ಗಗಳಿವೆ: ಚಕ್ರಕ್ಕೂ ಅದರ ಗುಂಬಕ್ಕೂ ನಡುವೆ ‘ಸ್ಪೇಸರ್’ ಎಂಬ ಲೋಹದ ಬಿಲ್ಲೆಯನ್ನು ಇಡುವುದು, ಮುಂಭಾಗದಲ್ಲಿ ಚಕ್ರವನ್ನು ಹಿಡಿದಿರುವ ‘ಎ’ ಆಕಾರದ ತೋಳುಗಳನ್ನು ಉದ್ದಗೊಳಿಸುವುದು, ಹಿಂಭಾಗದಲ್ಲಿ ಉದ್ದವಾದ ಅಚ್ಚನ್ನು ಜೋಡಿಸುವುದು.

ಬಿಲ್ಲೆಯು ಅಗ್ಗ, ಆದರೆ ಚಕ್ರವು ಹೊರಕ್ಕೆ ಸರಿದಷ್ಟೂ ಬೇರಿಂಗುಗಳ ಮೇಲೆ ಬಾಗಿಸುವ ಶ್ರಮವು ಹೆಚ್ಚುವುದು. ಮುಂಚಕ್ರವು ಕಲ್ಲಿಗೆ ತಾಗಿದಾಗ ಹಿಡಿಕೆಯು ಸವಾರನ ಕೈಯನ್ನು ಮೊದಲಿಗಿಂತ ಬಲವಾಗಿ ಕೊಡವುವುದು. ಉದ್ದವಾದ ತೋಳುಗಳಲ್ಲಿ ಈ ದೋಷವನ್ನು ತಪ್ಪಿಸಬಹುದು. ಆದರೆ ಅವುಗಳೊಡನೆ ತಿರುಗಿಸುವ ಸರಳುಗಳೂ ಬ್ರೇಕಿನ ಕೊಳವೆಗಳೂ ಉದ್ದವಾಗಬೇಕು.

ಸ್ಪ್ರಿಂಗಿನ ವಿಷಯವು ಅನೇಕರ ಗಮನಕ್ಕೆ ಬಾರದು. ತೋಳಿನ ಕೀಲಿನಿಂದ ಚಕ್ರಕ್ಕೆ 40 ಸೆಂಟಿಮೀಟರು ಇದ್ದುದು 45 ಆಯಿತೆನ್ನಿ. ಸ್ಪ್ರಿಂಗು ಮೊದಲಿನ ಸ್ಥಳದಲ್ಲೇ ಉಳಿದರೆ, ಸನ್ನೆಯ ನಿಯಮದಂತೆ ಚಕ್ರಕ್ಕೆ ದೊರೆಯುವ ಬಿಗಿತವು 40 ಮತ್ತು 45ರ ಪ್ರಮಾಣದ ವರ್ಗದಷ್ಟು, ಎಂದರೆ ಮೊದಲಿನ ನೂರಕ್ಕೆ 79 ಭಾಗದಷ್ಟಾಗುವುದು. ಸ್ಪ್ರಿಂಗನ್ನು ಬದಲಿಸದೆ ಅಗಲವನ್ನು ಮಾತ್ರ ಹೆಚ್ಚಿಸಿದವನು ತನಗರಿಯದಂತೆಯೇ ವಾಹನವನ್ನು ಐದನೆಯ ಒಂದು ಭಾಗ ಮೆದುವಾಗಿಸಿರುತ್ತಾನೆ.

ಹಿಂಭಾಗದಲ್ಲಿ ಇನ್ನೊಂದು ತೊಡಕು. ಮೋಟಾರು ಕಾರಿನಲ್ಲಿರುವ ಡಿಫರೆನ್ಷಿಯಲ್ ಈ ಕ್ರೀಡಾವಾಹನಗಳ ಹಿಂದಿನ ಅಚ್ಚಿನಲ್ಲಿ ಇರುವುದಿಲ್ಲ; ಎರಡು ಚಕ್ರಗಳೂ ಸಮವಾಗಿ ತಿರುಗಬೇಕು. ಒಂದು ಪೂರ್ಣ ಸುತ್ತಿನಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಹೆಚ್ಚಾಗಿ ಕ್ರಮಿಸಬೇಕಾದ ದೂರವು 92 ಸೆಂಟಿಮೀಟರು ಅಂತರಕ್ಕೆ 5.8 ಮೀಟರು, 102ಕ್ಕೆ 6.4 ಮೀಟರು. ಆದುದರಿಂದ ಚಕ್ರಗಳು ನೆಲವನ್ನು ಉಜ್ಜಿಕೊಂಡೇ ಸಾಗಬೇಕು. ಅಗಲವಾದ ಹಿಂಭಾಗವು ಒಳಚಕ್ರವನ್ನು ನೆಲಕ್ಕೆ ಗಟ್ಟಿಯಾಗಿ ಒತ್ತುವುದರಿಂದ ಉಜ್ಜುವಿಕೆಯೂ ಹೆಚ್ಚಿ, ವಾಹನವು ತಿರುಗಲೊಲ್ಲದೆ ನೇರವಾಗಿ ನುಗ್ಗಲೆಳಸುವುದು. ಹಿಂಭಾಗವನ್ನು ಮಾತ್ರ ಅಗಲಿಸದೆ ಮುಂಭಾಗವನ್ನೂ ಅದಕ್ಕೆ ಹೊಂದಿಸಬೇಕೆಂಬ ಅನುಭವಿಗಳ ಮಾತಿಗೆ ಇದೇ ಆಧಾರ. ಇಕ್ಕಟ್ಟಾದ ಕಾಡುಹಾದಿಯಲ್ಲಿ ಅಗಲವೇ ತೊಡಕು. ಅಮೆರಿಕದ ರಾಷ್ಟ್ರೀಯ ಅರಣ್ಯಗಳ ಅನೇಕ ಹಾದಿಗಳಲ್ಲಿ 50 ಅಂಗುಲವನ್ನು ಮೀರಿದ ವಾಹನಗಳಿಗೆ ಪ್ರವೇಶವಿಲ್ಲ.

ಹೀಗೆ, ಅಗಲಿಸುವುದು ಅವಿವೇಕವಲ್ಲ. ಅದೊಂದೇ ವಿವೇಕವೂ ಅಲ್ಲ. ಮೊದಲು ಸವಾರನು ದೇಹವನ್ನು ಸರಿಸುವುದನ್ನು ಕಲಿಯಬೇಕು. ಅನಂತರ ಮುಂದನ್ನೂ ಹಿಂದನ್ನೂ ಹೊಂದಿಸಿ ಅಗಲಿಸಿ, ಅದಕ್ಕೆ ತಕ್ಕ ಸ್ಪ್ರಿಂಗನ್ನು ಅಳವಡಿಸಬೇಕು. ಇಷ್ಟಾದ ಮೇಲೂ ದೊರೆತದ್ದು ಗಂಟೆಗೆ ಕೆಲವೇ ಕಿಲೋಮೀಟರುಗಳ ಅವಕಾಶವೆಂಬುದನ್ನು ಮರೆಯಬಾರದು. ಆ ಅವಕಾಶವನ್ನು ರಕ್ಷಣೆಗೆಂದು ಉಳಿಸಿಕೊಂಡವನಿಗೆ ಅಗಲದಿಂದ ಲಾಭ. ವೇಗವನ್ನು ಹೆಚ್ಚಿಸಿ ಅದನ್ನು ಅಲ್ಲಿಯೇ ವೆಚ್ಚಮಾಡಿದವನು ಹಿಂದಿನಷ್ಟೇ ಅಪಾಯದಲ್ಲಿರುತ್ತಾನೆ. ಬೀಳುವಾಗ ಮಾತ್ರ ಹೆಚ್ಚಿನ ವೇಗದಿಂದ ಬೀಳುತ್ತಾನೆ.