ಉತ್ತರ ಕನ್ನಡ: ಘಟ್ಟದ ಸರಕು, ಕಡಲಿನ ದಾರಿ

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವ ಜಿಲ್ಲೆ ಉತ್ತರ ಕನ್ನಡ. ಇಲ್ಲಿನ ಅಳಿವೆ, ಕೊಲ್ಲಿಗಳು ಬಂದರುಗಳಿಗೆ ಆಶ್ರಯವಿತ್ತವು. ಆದರೆ ಅವುಗಳ ಏಳುಬೀಳನ್ನು ನಿರ್ಧರಿಸಿದ್ದು ಘಟ್ಟದ ಮೇಲಿನ ಸರಕು ಇಳಿಯುವ ದಾರಿ.

16ನೆಯ ಶತಮಾನದ ಗೇರುಸೊಪ್ಪೆಯ ಚೆನ್ನಭೈರಾದೇವಿ ಪೋರ್ಚುಗೀಸರ ಬಾಯಲ್ಲಿ ‘ಕಾಳುಮೆಣಸಿನ ರಾಣಿ’. 17ನೆಯ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದರು. 1861-65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಗೆ ಬೇಡಿಕೆ ಏರಿದಾಗ ಧಾರವಾಡ ಸೀಮೆಯ ಹತ್ತಿ ಕುಮಟಾದಲ್ಲಿ ಹಡಗೇರಿತು. 1862ರಲ್ಲಿ ಜಿಲ್ಲೆಯು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1880ರ ದಶಕದ ಕೊನೆಗೆ ರೈಲುಮಾರ್ಗವು ಗೋವೆಯ ಮಾರ್ಮಗೋವಾ ಬಂದರನ್ನು ಮುಟ್ಟಿತು. ಸರಕು ಅತ್ತ ತಿರುಗಿ ಕುಮಟಾ, ಕಾರವಾರಗಳ ವಹಿವಾಟು ಕುಗ್ಗಿತು.

ವ್ಯಾಪಾರದ ಗುರುತು ಜನಜೀವನದಲ್ಲಿಯೂ ಉಳಿದಿದೆ. ಅರಬ್ ವರ್ತಕರ ಸಂಪರ್ಕದಿಂದ ರೂಪುಗೊಂಡ ನವಾಯತ ಸಮುದಾಯ ಭಟ್ಕಳದಲ್ಲಿದೆ. ಕೊಂಕಣಿ ಹಾಗೂ ಹವ್ಯಕ ಕನ್ನಡದ ನುಡಿಗಳು, ಬಡಗುತಿಟ್ಟಿನ ಯಕ್ಷಗಾನ, ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಇಲ್ಲಿನ ಸಂಪತ್ತು. ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ಘಟ್ಟದ ದಾರಿಯ ಪ್ರಶ್ನೆ ಮಾತ್ರ ಹಳೆಯದೇ. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗ ಅರಣ್ಯ ಅನುಮತಿಯ ವಿವಾದದಲ್ಲಿ ದಶಕಗಳನ್ನೇ ಕಳೆಯಿತು. ಅದು ಬಂದರೆ ಬಂದರಿಗೆ ಸರಕು ಬರುತ್ತದೆ ಎಂಬುದು ವರ್ತಕರ ವಾದ. ಕಾಡು ಹೋದರೆ ನದಿಯೂ ತೋಟವೂ ಉಳಿಯವೆಂಬುದು ಪರಿಸರವಾದಿಗಳ ಎಚ್ಚರಿಕೆ. ಹೆದ್ದಾರಿಯ ಬದಿಯ ಗುಡ್ಡ 2024ರ ಜುಲೈ 16ರಂದು ಶಿರೂರಿನಲ್ಲಿ ಕುಸಿದು ಜೀವಗಳನ್ನು ಬಲಿ ಪಡೆದ ಮೇಲೆ, ಯಾವ ಯೋಜನೆಯ ವೆಚ್ಚದ ಲೆಕ್ಕದಲ್ಲಿಯೂ ಬೆಟ್ಟದ ಬೆಲೆಯನ್ನು ಬಿಡುವಂತಿಲ್ಲ.